ಗುಳೆ ಹೋದವರ ಮುಖಂಡರಿಗೆ ತರಬೇತಿ: ಊರಿನ ತಂಟೆಯ ಬೆಂಕಿಗೆ ದೂರದಿಂದ ನೀರು ಹಾಕುವ ಕೆಲಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಹುನಗುಂದ ಕಡೆ ಜಗಳ ನಡೆಯುವುದು ಊರಾಗ, ಆದರೆ ಅದರ ಖರ್ಚು ಎಷ್ಟೋ ಸಲ ಹೊರಗಿನಿಂದ ಬರುತ್ತದೆ. ವಕೀಲರ ಫೀಸು ಗೋವಾದ ವಾಸ್ಕೋದಿಂದ, ಸಾಕ್ಷಿದಾರರ ಗಾಡಿ ಬಾಡಿಗೆ ಪುಣೆಯಿಂದ, "ಅವರನ್ನ ಬಿಡಬ್ಯಾಡ್ರಿ" ಎಂಬ ವಾಯ್ಸ್ ಮೆಸೇಜು ಮಂಗಳೂರಿನ ಯಾವುದೋ ಕಟ್ಟಡದ ಮೂರನೇ ಮಹಡಿಯಿಂದ. ಊರಲ್ಲಿ ಉಳಿದವರು ಒಂದೇ ಗಿರಣಿಯಲ್ಲಿ ಹಿಟ್ಟು ಬೀಸಿಸುತ್ತಾರೆ, ಒಂದೇ ಟಂಟಂ ಹತ್ತಿ ಸಂತೆಗೆ ಹೋಗುತ್ತಾರೆ. ಆರು ತಿಂಗಳಲ್ಲಿ ಅರ್ಧ ಮಾತಾದರೂ ಶುರುವಾಗಿರುತ್ತದೆ. ದುಡಿಯಲು ಊರು ಬಿಟ್ಟು ಗುಳೆ ಹೋದವನ ಸಿಟ್ಟು ಮಾತ್ರ ಅವನು ಗಾಡಿ ಹತ್ತಿದ ದಿನಕ್ಕೇ ನಿಂತಿರುತ್ತದೆ.

ಇದು ನಮ್ಮ ಭಾಗದ್ದಷ್ಟೇ ಸಂಗತಿಯಲ್ಲ. ಶ್ರೀಲಂಕಾದ ಯುದ್ಧ 2009ರಲ್ಲಿ ಮುಗಿಯುವವರೆಗೂ ಅದಕ್ಕೆ ಪರದೇಶದಲ್ಲಿ ನೆಲೆಸಿದ ತಮಿಳರ ದುಡ್ಡು ಹರಿಯುತ್ತಲೇ ಇತ್ತು. ಉತ್ತರ ಐರ್ಲೆಂಡಿನಲ್ಲಿ 1998ರ ಶಾಂತಿ ಒಪ್ಪಂದಕ್ಕೆ ಅಮೆರಿಕದಲ್ಲಿ ನೆಲೆಸಿದ ಐರಿಷ್ ಜನರಲ್ಲಿ ಕೆಲವರು ಹೆಗಲು ಕೊಟ್ಟರು. ಹೊರಗಿದ್ದವರ ಕೈಯಲ್ಲಿ ಎಣ್ಣೆಯೂ ಇರುತ್ತದೆ, ನೀರೂ ಇರುತ್ತದೆ. ಹಾಗಾಗಿ ಗುಳೆ ಹೋದವರ ಮುಖಂಡರಿಗೆ ನಾವು ಕೊಡುವ ತರಬೇತಿಯ ಗುರಿ ಒಂದೇ: ಮುಖಂಡನಾದವನು ದೂರ ಕೂತು ನ್ಯಾಯ ಹೇಳಬಾರದು. ತನ್ನ ಕೈಯಲ್ಲಿರುವ ದುಡ್ಡು, ಫೋನು, ಊರಿಗೆ ಹೋಗುವ ಗಾಡಿ, ಈ ಮೂರನ್ನು ಹದದಲ್ಲಿ ಇಡಲು ಕಲಿಯಬೇಕು.

ಆಯ್ಕೆಯಲ್ಲೇ ಅರ್ಧ ಕೆಲಸ ಇದೆ. ಸಂಘದ ಅಧ್ಯಕ್ಷ, ಕಾರ್ಯದರ್ಶಿ ಎಂದು ಪಟ್ಟಿ ಮಾಡಿದರೆ ಶಾಲು ಹೊದೆಯುವವರು ಬರುತ್ತಾರೆ, ಮಾತು ನಡೆಯುವವರು ಬರುವುದಿಲ್ಲ. ನಾವು ಕೇಳುವ ಪ್ರಶ್ನೆ ಎರಡೇ: ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಯಾರಿಗೆ ಫೋನು ಮಾಡುತ್ತೀರಿ? ಬಿಶಿ (ಚೀಟಿ) ದುಡ್ಡು ಯಾರ ಕೈಯಲ್ಲಿ ಇಡುತ್ತೀರಿ? ಇವುಗಳಿಗೆ ಉತ್ತರವಾಗಿ ಪದೇ ಪದೇ ಬರುವ ಹೆಸರೇ ಮುಖಂಡರ ಹೆಸರು. ಎರಡನೇ ಪ್ರಶ್ನೆಗೆ ಹೆಂಗಸರ ಹೆಸರೇ ಜಾಸ್ತಿ ಬರುತ್ತದೆ. ತಂಡಕ್ಕೆ 16ರಿಂದ 18 ಜನ ಸಾಕು, ಅವರಲ್ಲಿ ಕನಿಷ್ಠ 6 ಹೆಂಗಸರು. ತಂಟೆ ಇರುವ ಊರಿನವರಾದರೆ ಎರಡೂ ಕಡೆಯಿಂದ ಇಬ್ಬಿಬ್ಬರು. ಒಬ್ಬನೇ ಬಂದರೆ ಊರಿಗೆ ಅವನು ಆ ಕಡೆ ಸೇರಿದನೆಂದು ಸುದ್ದಿ ಹೋಗುತ್ತದೆ. ಮುಂಗಡ ಕೊಟ್ಟು ಕೂಲಿಗೆ ಕರೆದೊಯ್ಯುವ ಮುಕಾದಮರಿಗೆ ಮಾತ್ರ ಬೇರೆ ಕೂಟ ಮಾಡಬೇಕು. ಮುಂಗಡ ಕೊಟ್ಟವನ ಮುಂದೆ ಮುಂಗಡ ತಿಂದವನು ಬಾಯಿ ಬಿಡುವುದಿಲ್ಲ. ಒಂದೇ ಜಮಖಾನೆ ಮೇಲೆ ಕೂರಿಸಿದರೆ ಮೂರು ತಾಸು ಒಬ್ಬನದೇ ಭಾಷಣ ಆಗುತ್ತದೆ.

ದಿನ ಭಾನುವಾರ. ಬೆಳಿಗ್ಗೆ ಕೂಲಿ ಬಟವಾಡೆ, ಸಂತೆ ಮುಗಿದ ಮೇಲೆ ಮಧ್ಯಾಹ್ನ ಮೂರರಿಂದ ಆರು, ಹೀಗೆ ಆರು ವಾರ. ಯುಗಾದಿಗೆ ಜನ ಊರಿಗೆ ಹೊರಡುವ ಮುಂಚೆ ಮುಗಿಯುವಂತೆ ಜನವರಿ ಕೊನೆಗೆ ಆರಂಭಿಸುತ್ತೇವೆ. ಜಾಗ ಗುಡಿ, ಮಠ, ಮಸೀದಿ, ಪಕ್ಷದ ಕಚೇರಿ ಯಾವುದೂ ಆಗಬಾರದು. ಶಾಲೆಯ ಕೋಣೆ ಎಲ್ಲಕ್ಕಿಂತ ಒಳ್ಳೆಯದು. ಚಹಾ ಒಂದೇ ಕಿಟ್ಲಿಯಿಂದ, ಒಂದೇ ಥರದ ಗ್ಲಾಸಿನಲ್ಲಿ. ಯಾರು ಯಾರ ಪಕ್ಕದ ಗ್ಲಾಸು ಮುಟ್ಟಲಿಲ್ಲ ಎಂಬುದನ್ನು ನಡೆಸಿಕೊಡುವವನು ಸುಮ್ಮನೆ ಗಮನಿಸಬೇಕು, ಆ ದಿನ ಎತ್ತಿ ಆಡಬಾರದು.

ಮೊದಲ ವಾರದ ಆಟ ಜೋಳದ ಕಾಳಿನದು. ಪ್ರತಿಯೊಬ್ಬರಿಗೂ 20 ಕಾಳು ಬಿಳಿಜೋಳ. ಒಂದು ಕಾಳು ಎಂದರೆ ಊರಿಗೆ ಕಳಿಸುವ ದುಡ್ಡಿನ ಇಪ್ಪತ್ತರಲ್ಲಿ ಒಂದು ಪಾಲು. ಹಾಕಲು ಐದು ಬಟ್ಟಲು: ಮನೆ ಖರ್ಚು, ಸಾಲ, ಮಕ್ಕಳ ಶಾಲೆ, ಜಾತ್ರೆ ಪಟ್ಟಿ, ಕೋರ್ಟು-ತಕರಾರು. ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಈ ಬಟ್ಟಲುಗಳಿಗೆ ಒಬ್ಬೊಬ್ಬರಾಗಿ ಹೋಗಿ ಕಾಳು ಹಾಕುತ್ತಾರೆ. ಕೊನೆಗೆ ಬಟ್ಟೆ ತೆಗೆದು ಎಣಿಸುತ್ತೇವೆ. ಕೋರ್ಟಿನ ಬಟ್ಟಲು ಶಾಲೆಯದಕ್ಕಿಂತ ಭಾರವಾಗಿದ್ದರೆ ಕೋಣೆ ತಾನಾಗಿಯೇ ಗಪ್ಪಾಗುತ್ತದೆ. ಆಗ ಉಪದೇಶಕ್ಕೆ ಇಳಿಯಬೇಡಿ. ಎರಡು ನಿಮಿಷ ಬಿಟ್ಟು ಒಂದೇ ಮಾತು ಕೇಳಿ: ಈ ಕಾಳು ನಿಲ್ಲಿಸಿದರೆ ಊರಲ್ಲಿ ಏನಾಗುತ್ತದೆ? ಬಟ್ಟೆ ಮುಚ್ಚದೆ ಆಡಿಸಿದರೆ ಆಟ ಕೆಡುತ್ತದೆ, ಒಬ್ಬರನ್ನೊಬ್ಬರು ನೋಡಿ ಎಲ್ಲರೂ ಶಾಲೆಗೇ ಹಾಕುತ್ತಾರೆ.

ಎರಡನೇ ವಾರ ಫೋನು. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕ್ಲೇಟು ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಹರಡಿ, ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅದನ್ನು ಹೇಳಿದ ಮೇಲೆಯೇ ಅಭ್ಯಾಸ. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಇಲ್ಲವೇ ಒಂದು ಗುಂಪಿಗಷ್ಟೇ ಮುಂದೆ ಕಳಿಸಲು ಬರುತ್ತದೆ. ಆದರೆ ನಮ್ಮ ಜನರಲ್ಲಿ ಬೆಂಕಿ ಹಚ್ಚುವುದು ಅದಲ್ಲ, ಸ್ವಂತ ದನಿಯಲ್ಲಿ ಮಾಡಿದ ವಾಯ್ಸ್ ಮೆಸೇಜು. ಮಾಡಿದವನೇ ನೇರ ಕಳಿಸಿದರೆ ಅದರ ಮೇಲೆ ಯಾವ ಗುರುತೂ ಇರುವುದಿಲ್ಲ, ಕಾಕಾನ ದನಿ ಎಂದ ಕೂಡಲೇ ನಂಬುತ್ತಾರೆ. ಅದಕ್ಕೆ ಎರಡು ಫೋನಿನ ನಿಯಮ ಇಟ್ಟಿದ್ದೇವೆ: ಕೇಳಿದ್ದನ್ನು ಅರ್ಧ ತಾಸು ಯಾರಿಗೂ ಕಳಿಸಬೇಡ, ಊರಿನ ಎರಡೂ ಓಣಿಯಲ್ಲಿ ಒಬ್ಬೊಬ್ಬರಿಗೆ ಫೋನು ಮಾಡು, "ನೀ ಕಣ್ಣಾರೆ ನೋಡಿದಿ ಏನು, ಯಾವ ಹೊತ್ತಿನ್ಯಾಗ?" ಎಂದು ಕೇಳು. ಕೈ ಮಿಲಾಯಿಸುವ ಹಂತ ಬಂದಿದ್ದರೆ ಊರಲ್ಲಿದ್ದವರಿಂದಲೇ 112ಕ್ಕೆ ಫೋನು ಮಾಡಿಸಬೇಕು. ಗೋವಾದಲ್ಲಿ ಕೂತು 112 ಒತ್ತಿದರೆ ಕರೆ ಗೋವಾಕ್ಕೇ ಹೋಗುತ್ತದೆ.

ಮೂರು, ನಾಲ್ಕನೇ ವಾರ ಬಾಯಿ ಬದಲು ಮಾಡುವ ಅಭ್ಯಾಸ. ಎದುರಾಳಿಯ ಫಿರ್ಯಾದನ್ನು ತನ್ನ ಬಾಯಿಂದ ಹೇಳಬೇಕು, ಎದುರಿನವನು "ಹೌದು, ಇದೇ ನನ್ನ ಮಾತು" ಎನ್ನುವವರೆಗೆ. ಇದಕ್ಕೆ ಕಲ್ಪಿಸಿ ಬರೆದ ಊರಿನ ಪ್ರಕರಣವೇ ಬೇಕು. ನಿಜವಾದ ಊರಿನ ತಕರಾರು ಎತ್ತಿದರೆ ಅದೇ ರಾತ್ರಿ ಊರಿಗೆ ಮುಟ್ಟುತ್ತದೆ. ಅಣಕಿಸುವ ದನಿ ಬಂದ ಕೂಡಲೇ ನಿಲ್ಲಿಸಿ ಮೊದಲಿನಿಂದ ಹೇಳಿಸಬೇಕು.

ನಾವು ಹೆಚ್ಚು ತೆಗೆದುಕೊಳ್ಳುವ ಪ್ರಕರಣ ಬದುವಿನದು, ಏಕೆಂದರೆ ಅದರಲ್ಲಿ ಗುಳೆಯ ಪಾಲು ಕಣ್ಣಿಗೆ ಕಾಣುತ್ತದೆ. ಒಬ್ಬ ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕುತ್ತಾನೆ, ಬಾಜೂ ಹೊಲದವನಿಗೆ ನೋಟಿಸು ಹೋಗುತ್ತದೆ, ಅವನು ಗುಳೆ ಹೋಗಿರುವುದರಿಂದ ಮನೆಗೆ ಬೀಗ. ಅಳತೆ ಮುಗಿದು ಬಾಂದಕಲ್ಲು ನೆಟ್ಟ ಮೇಲೆ ಅವನು ಮೃಗಶಿರಾ ಮಳೆಗೆ ಊರಿಗೆ ಬಂದು "ನಾನಿಲ್ಲದಾಗ ಅಳೆದರು" ಎಂದು ಕಲ್ಲು ಕೀಳುತ್ತಾನೆ. ಬಿತ್ತುವ ಹೊತ್ತಿನಲ್ಲಿ ಕುಂಟೆಗಳೇ ಆಯುಧವಾಗುತ್ತವೆ. ಮುಖಂಡನ ಕೆಲಸ ಇಲ್ಲಿ ಸಣ್ಣದು, ಖಚಿತವಾದದ್ದು: ಹಿಂಗಾರಿ ಜೋಳ ಕಿತ್ತು ಹೊಲ ಖಾಲಿ ಇರುವಾಗ, ಯುಗಾದಿಗೆ ಇಬ್ಬರೂ ಊರಲ್ಲಿರುವ ವಾರಕ್ಕೆ ಅಳತೆ ಬರುವಂತೆ ಮೊದಲೇ ಅರ್ಜಿ ಹಾಕಿಸುವುದು, ಉತಾರದಲ್ಲಿ (ಪಹಣಿಯಲ್ಲಿ) ಸತ್ತ ಅಪ್ಪನ ಹೆಸರೇ ಇದ್ದರೆ ಮೊದಲು ವಾರಸಾ ಮಾಡಿಸಿ ಮಕ್ಕಳ ಹೆಸರು ಏರಿಸುವುದು, ಅಳತೆಯ ದಿನ ಇಬ್ಬರನ್ನೂ ಬದುವಿನ ಮೇಲೆ ನಿಲ್ಲಿಸುವುದು. ಎಷ್ಟು ಗುಂಟೆ ಯಾರದು ಎಂದು ಮುಖಂಡ ಬಾಯಿ ಹಾಕಿದರೆ ಅಲ್ಲಿಗೆ ಕೆಟ್ಟಿತು.

ಐದನೇ ವಾರ ಕಾನೂನಿನ ಗಡಿ. ಬದು, ದಾರಿ, ಸಾಲ, ಪಾಲುಪಟ್ಟಿಯ ತಂಟೆ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ, ಸಹಾಯವಾಣಿ 15100. ಇನ್ನು ದಲಿತರ ಮೇಲಿನ ದೌರ್ಜನ್ಯ, ಅತ್ಯಾಚಾರ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಊರ ಹಿರಿಯರು ರಾಜಿ ಮಾಡಿಸುವ ಮಾತೇ ಇಲ್ಲ. "ಕೇಸು ವಾಪಸ್ ತಗೋರಿ, ಊರು ತಣ್ಣಗಾಗಲಿ" ಎಂದು ಗೋವಾದಿಂದ ಫೋನು ಮಾಡುವುದು ಶಾಂತಿಯ ಕೆಲಸವಲ್ಲ, ನೊಂದವರ ಕತ್ತಿನ ಮೇಲೆ ಕಾಲಿಡುವುದು. ಈ ಮಾತನ್ನು ಪ್ರತಿಯೊಬ್ಬರೂ ತಮ್ಮ ಬಾಯಿಂದ ಒಮ್ಮೆ ಹೇಳದೆ ಆ ವಾರ ಮುಗಿಸುವುದಿಲ್ಲ. ತರಬೇತಿ ಪಡೆದ ಮುಖಂಡ ಹೆಚ್ಚು ಹಾನಿ ಮಾಡುವುದು ಇಲ್ಲೇ, ಏಕೆಂದರೆ ಈಗ ಅವನ ಮಾತಿಗೆ ಜನ ಬೆಲೆ ಕೊಡುತ್ತಾರೆ. ಪರಿಶಿಷ್ಟ ಜಾತಿ-ಪಂಗಡದವರ ಮೇಲಿನ ದೌರ್ಜನ್ಯದ ದೂರಿಗೆ 14566 ಎಂದು ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸುತ್ತೇವೆ.

ಕೊನೆಯ ವಾರ ಜೋಡಿ ಕಟ್ಟುವುದು. ಹೊರಗಿನ ಪ್ರತಿ ಮುಖಂಡನಿಗೂ ಊರಲ್ಲಿ ಒಬ್ಬ ಜೋಡಿ, ಸಾಧ್ಯವಾದರೆ ಎದುರಿನ ಓಣಿಯವರು. ವಾರಕ್ಕೊಮ್ಮೆ, ಗೊತ್ತಾದ ದಿನ, ಹತ್ತು ನಿಮಿಷದ ಫೋನು, ತಂಟೆ ಇಲ್ಲದ ವಾರವೂ ತಪ್ಪಬಾರದು. ಮಳೆ, ದನ, ಜೋಳದ ಧಾರಣೆ ಮಾತಾಡಿದರೂ ಸಾಕು. ಗಲಾಟೆ ಆದಾಗ ಮಾತ್ರ ಬರುವ ಫೋನನ್ನು ಯಾರೂ ನಂಬಿ ಎತ್ತುವುದಿಲ್ಲ. ಮೊಹರಂ, ಗಣೇಶನ ಹಬ್ಬ, ಪಂಚಾಯಿತಿ ಚುನಾವಣೆಯ ಹಿಂದುಮುಂದಿನ ವಾರ ದಿನಕ್ಕೊಂದು ಫೋನು.

ಕಾರಹುಣ್ಣಿಮೆ ಮುಗಿದ ಮೇಲೆ ಜೋಡಿಗಳನ್ನು ಊರಲ್ಲೇ ಒಂದು ದಿನ ಕೂರಿಸಿ ನೋಟ್‌ಬುಕ್ ನೋಡುತ್ತೇವೆ: ಎಷ್ಟು ವಾರ ಫೋನು ತಪ್ಪಿತು, ಯಾವ ಸುದ್ದಿ ಅರ್ಧ ತಾಸಿನಲ್ಲಿ ಸುಳ್ಳೆಂದು ತಿಳಿಯಿತು, ತಕರಾರಿಗೆ ಕೇಳಿದ ದುಡ್ಡು ಯಾರು ಕೊಡಲಿಲ್ಲ. ಹಿಂಗಾರಿ ಬಿತ್ತಿ ಮತ್ತೆ ಗಾಡಿ ಹತ್ತುವ ಮುಂಚೆ ಎಲ್ಲರ ನಂಬರನ್ನು ಎದುರಿಗೇ ಒತ್ತಿಸಿ ರಿಂಗ್ ಆಗುತ್ತದೋ ಎಂದು ನೋಡಬೇಕು. ಅಷ್ಟರಲ್ಲಿ ಮೂರು-ನಾಲ್ಕು ಸಿಮ್ಮಾದರೂ ಬದಲಾಗಿರುತ್ತವೆ.