ಕಲಿಕಾ ಪರವಾನಗಿ: ಭಾವಚಿತ್ರದ ಹಂತದಲ್ಲಿ ನಿಂತ ಅರ್ಜಿ ಮುಂದೆ ಸಾಗಿದ ಬಗೆ

ಕಾರಿನ ಕಲಿಕಾ ಪರವಾನಗಿಗಾಗಿ, ಚಾಲನಾ ಪರವಾನಗಿಯ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಮಂಡ್ಯ ಆರ್‌ಟಿಒ (ಕೆಎ–11) ಆಯ್ದು ಅರ್ಜಿ ತುಂಬಿದ ನಂತರ, ಭಾವಚಿತ್ರ ಮತ್ತು ಸಹಿ ಸೇರಿಸುವ ಹಂತದಲ್ಲಿ ಕಡತ ಸ್ವೀಕೃತವಾಗದೆ ಅರ್ಜಿ ಅಲ್ಲಿಯೇ ನಿಂತಿತ್ತು. ಬ್ರೌಸರ್ ಬದಲಿಸಿದ್ದು, ತಡರಾತ್ರಿ ಪ್ರಯತ್ನಿಸಿದ್ದು, ಹೊಸದಾಗಿ ಅರ್ಜಿ ತುಂಬಿದ್ದು ಯಾವುದೂ ಫಲ ಕೊಡಲಿಲ್ಲ. ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿಕೊಂಡಾಗ ಗಾತ್ರ ತಗ್ಗಿತಾದರೂ ಮಿತಿಯೊಳಗೆ ಬರಲಿಲ್ಲ. ಕುಗ್ಗಿಸುವ ಆ್ಯಪ್‌ನ ಕನಿಷ್ಠ ಆಯ್ಕೆ ಬಳಸಿದರೆ 7 ಕೆಬಿಗೆ ಇಳಿದು ಅದೂ ತಿರಸ್ಕೃತವಾಯಿತು. ಮಿತಿಗೆ ಕೆಳ ಅಂಚೂ ಉಂಟು: 10ರಿಂದ 20 ಕೆಬಿ, ಅದೂ ಜೆಪಿಇಜಿ ಮಾತ್ರ.

ಕೆಲಸ ಮಾಡಿದ್ದು ಈ ಅನುಕ್ರಮ. ಮೊದಲು ಮುಖ ಮತ್ತು ಭುಜವಷ್ಟೇ ಉಳಿಯುವಂತೆ ಚಿತ್ರವನ್ನು ಕತ್ತರಿಸಿ, ಅಗಲ 420, ಎತ್ತರ 525 ಪಿಕ್ಸೆಲ್‌ಗೆ ಇಳಿಸಬೇಕು. ಅದಾದ ಮೇಲಷ್ಟೇ, ಬೇಕಾದ ಕೆಬಿಯನ್ನು ನಾವೇ ನಮೂದಿಸಬಹುದಾದ ಆ್ಯಪ್‌ನಲ್ಲಿ 18 ಎಂದು ಕೊಡಬೇಕು. ಕ್ರಮ ತಿರುಗಿಸಿದರೆ ಮುಖವೇ ಮಸುಕಾಗುತ್ತದೆ. ಸಹಿಯನ್ನು ಗೆರೆಯಿಲ್ಲದ ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಹಾಕಿ, ಫೋನಿನ ನೆರಳು ಬೀಳದಂತೆ ಕಿಟಕಿಯ ಬಳಿ ಚಿತ್ರ ತೆಗೆದು, 256×64 ಪಿಕ್ಸೆಲ್‌ಗೆ ತಂದು, 12 ಕೆಬಿ ಎಂದು ಕೊಟ್ಟೆ.

ಮತ್ತೆ ಅರ್ಜಿ ತುಂಬುವ ಅಗತ್ಯವಿಲ್ಲ. ‘ಅಪ್ಲಿಕೇಶನ್ ಸ್ಟೇಟಸ್’ನಲ್ಲಿ ಅರ್ಜಿ ಸಂಖ್ಯೆ ಮತ್ತು ಜನ್ಮದಿನಾಂಕ ಕೊಟ್ಟರೆ ನಿಂತ ಹಂತವೇ ತೆರೆದುಕೊಳ್ಳುತ್ತದೆ. ಕಡತಗಳನ್ನು ಸೇರಿಸಿದ ನಂತರ ಒಮ್ಮೆ ತೆರೆದು ನೋಡಿ ಖಚಿತಪಡಿಸುವ ಗುಂಡಿಯನ್ನೂ ಒತ್ತಬೇಕು. ಹಲವರು ಬಿಡುವುದು ಇದನ್ನೇ. ಅದಾದ ಕೂಡಲೇ ಶುಲ್ಕದ ಪುಟ ತೆರೆಯಿತು.