ಹನ್ನೆರಡನೆಯ ವಚನದಲ್ಲಿ ಓದು ನಿಲ್ಲಿಸುವುದು

ಕೃಪೆಯಿಂದಲೇ ರಕ್ಷಣೆ ಎಂಬ ಸಂದೇಶವನ್ನು ಹೊಸಬರಿಗೆ ತಿಳಿಸಲು ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯವನ್ನು, ಅಂದರೆ ದಿನವಿಡೀ ದುಡಿದವರಿಗೂ ಒಂದೇ ಗಂಟೆ ದುಡಿದವರಿಗೂ ಯಜಮಾನನು ಒಂದೇ ಕೂಲಿ ಕೊಡುವ ಕಥೆಯನ್ನು, 12ನೆಯ ವಚನದವರೆಗೆ ಮಾತ್ರ ಓದಿ, ಏನನ್ನೂ ವಿವರಿಸದೆ ಅವರನ್ನು ಮನೆಗೆ ಕಳುಹಿಸಬೇಕು ಎಂದು ನಾನು ಹೇಳಿದಾಗ ಸುವಾರ್ತೆ ಸಾರುವ ನಮ್ಮ ಸೇವಕರ ಕೂಟದಲ್ಲಿ ಒಬ್ಬರೂ ಒಪ್ಪಲಿಲ್ಲ. ಯೇಸುವನ್ನು ಒಪ್ಪಿಕೊಂಡವರಿಂದ ಕೈ ಎತ್ತಿಸದೆ, ಪ್ರಾರ್ಥನೆಗೆ ಮುಂದಕ್ಕೆ ಕರೆಯದೆ ಕೂಟ ಮುಗಿಸುವುದು ಬಿತ್ತನೆ ಮಾಡಿ ನೀರು ಬಿಡದೆ ಬರುವ ಹಾಗೆ ಎಂದು ಹಿರಿಯರೊಬ್ಬರು ಗದರಿದರು. ಬೆಂಗಳೂರಿನ ಲಗ್ಗೆರೆಯ ಬಾಡಿಗೆ ಕೋಣೆಯೊಂದರಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಾನು ಹಾಗೆಯೇ ನಡೆಸುತ್ತಿದ್ದೇನೆ. ಅಂದು ಒಪ್ಪದವರಲ್ಲಿ ಕೆಲವರು ಈಗ ಬಂದು ಹಿಂದೆ ಕುಳಿತು ಬರೆದುಕೊಂಡು ಹೋಗುತ್ತಾರೆ.

ಇದಕ್ಕೆ ಮೊದಲು ಖರ್ಚಾದ ಹಣದ ಲೆಕ್ಕವನ್ನು ಹೇಳಲೇಬೇಕು. ಸುಲ್ತಾನ್ ಪೇಟೆಯಲ್ಲಿ ಸುಮಾರು 10,000 ಕರಪತ್ರಗಳನ್ನು ಅಚ್ಚು ಹಾಕಿಸಿದ್ದೆ. ಹತ್ತು ಸಾವಿರ ರೂಪಾಯಿಯ ಆಚೀಚೆ ಆಗಿರಬೇಕು. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎನ್ನುವ ಎಫೆಸದವರಿಗೆ ಬರೆದ ಪತ್ರಿಕೆಯ 2:8-9 ಅದರ ಮುಖ್ಯ ವಚನವಾಗಿತ್ತು. ಓದಿದವರೆಲ್ಲರೂ ಒಳ್ಳೆಯ ಮಾತೆಂದೇ ಹೇಳಿದರು. ತಾವೂ ಗುರುವಾರ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹರಕೆ ಹೊತ್ತು ಹೋಗುವುದುಂಟು, ಕೇಳಿದ್ದು ಕೈಗೂಡಿದೆ ಎಂದೂ ಸೇರಿಸಿದರು. ಅಂದರೆ ನಾವು ಇಷ್ಟು ಸಲ್ಲಿಸಿದರೆ ದೇವರು ಅಷ್ಟು ಕೊಡುತ್ತಾನೆ ಎಂಬ ಲೆಕ್ಕವನ್ನು ನನ್ನ ಕರಪತ್ರ ಮುಟ್ಟಿಯೇ ಇರಲಿಲ್ಲ. ಮುಂದಿನ ವರ್ಷ ಶಾಮಿಯಾನ, ಧ್ವನಿವರ್ಧಕ, ಕುರ್ಚಿ, ಹೊರಊರಿನ ಭಾಷಣಕಾರರು ಎಂದು ಎರಡು ಸಂಜೆಯ ಕೂಟಕ್ಕೆ 70,000 ರೂಪಾಯಿಗೂ ಮೇಲೆ ಹೋಯಿತು. ಮೊದಲನೆಯ ಸಂಜೆ ಕೈ ಎತ್ತಿದವರೇ ಎರಡನೆಯ ಸಂಜೆಯೂ ಎತ್ತಿದರು. ಮುಂದಿನ ತಿಂಗಳ ಬೈಬಲ್ ಅಧ್ಯಯನಕ್ಕೆ ಅವರಲ್ಲಿ ಯಾರೂ ಬರಲಿಲ್ಲ.

ಆ ಅಧ್ಯಾಯದ ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಆರಿಸಿಕೊಂಡದ್ದಕ್ಕೆ ಕಾರಣ ನನ್ನ ಕೇಳುಗರೇ. ಅವರಲ್ಲಿ ಹೆಚ್ಚಿನವರು ಗಾರೆ ಕೆಲಸದವರು. ರಾಯಚೂರು, ಯಾದಗಿರಿ ಕಡೆಯಿಂದ ಬಂದು, ಬೆಳಿಗ್ಗೆ ಏಳಕ್ಕೆಲ್ಲ ರಸ್ತೆಯ ಮೂಲೆಯಲ್ಲಿ ನಿಂತು, ಮೇಸ್ತ್ರಿ ಕರೆದರೆ ಹೋಗುವವರು, ಕರೆಯದಿದ್ದರೆ ಹತ್ತು ಗಂಟೆಗೆ ಮನೆಗೆ ಮರಳುವವರು. ಯಜಮಾನನು ಸಂಜೆ ಐದಕ್ಕೆ ಹೋಗಿ, ಇನ್ನೂ ನಿಂತಿದ್ದವರನ್ನು ಏಕೆ ನಿಂತಿದ್ದೀರಿ ಎಂದು ಕೇಳುವಾಗ, ನಮ್ಮನ್ನು ಯಾರೂ ಕರೆಯಲಿಲ್ಲ ಎಂಬ ಉತ್ತರವನ್ನು ನಾನು ಓದುವ ಮೊದಲೇ ಅವರು ಹೇಳಿಬಿಡುತ್ತಾರೆ. ಯಜಮಾನನು ಎಲ್ಲರಿಗೂ ಕೊಡುವ ಒಂದು ದಿನಾರ ನಾಣ್ಯವೆಂದರೆ ಒಂದು ದಿನದ ಕೂಲಿ. ಅದನ್ನು ನಾನು ಹೆಲ್ಪರ್‌ಗಳ ಇಂದಿನ 700-800 ರೂಪಾಯಿಯಾಗಿಯೇ ಹೇಳುತ್ತೇನೆ. ಕೂಟವನ್ನು ಶನಿವಾರ ಬಟವಾಡೆಯಾದ ಮೇಲೆಯೇ ಇಡುತ್ತೇನೆ, ಏಕೆಂದರೆ ಎಣಿಸಿದ ಹಣ ಜೇಬಿನಲ್ಲಿರುವಾಗ ಈ ಕಥೆ ಕಿವಿಗೆ ಬೀಳುವ ರೀತಿಯೇ ಬೇರೆ.

ಕೊನೆಗೆ ಬಂದವರಿಗೆ ಮೊದಲು ಕೊಡು ಎಂದು ಯಜಮಾನನು ಪಾರುಪತ್ಯಗಾರನಿಗೆ ಹೇಳುವುದನ್ನು ಎರಡು ಸಲ ಓದಬೇಕು. ಮೊದಲು ಬಂದವರಿಗೆ ಮೊದಲು ಕೊಟ್ಟು ಕಳುಹಿಸಿದ್ದರೆ ಜಗಳವೇ ಹುಟ್ಟುತ್ತಿರಲಿಲ್ಲ. ಒಂದೇ ಗಂಟೆ ದುಡಿದವರನ್ನು ದಿನವಿಡೀ ಬಿಸಿಲು ಹೊತ್ತ ನಮಗೆ ಸಮಮಾಡಿದೆಯಲ್ಲಾ ಎಂಬ 12ನೆಯ ವಚನಕ್ಕೆ ಬಂದೊಡನೆ ಪುಸ್ತಕ ಮುಚ್ಚುತ್ತೇನೆ. ಕೋಣೆಯಲ್ಲಿ ಸಿಟ್ಟು ಏಳುತ್ತದೆ, ಏಳಲೇಬೇಕು. ಯಜಮಾನನ ಉತ್ತರವನ್ನು ಅಂದೇ ಓದಿದರೆ ಅವರು ಗೌರವದಿಂದ ತಲೆಯಾಡಿಸುತ್ತಾರೆಯೇ ಹೊರತು ಅದರೊಂದಿಗೆ ಸೆಣಸುವುದಿಲ್ಲ. ಮುಂದಿನ ಶನಿವಾರದವರೆಗೆ ಆ ಸಿಟ್ಟನ್ನು ಹೊತ್ತು ತಿರುಗಿದವನು ಮರಳಿ ಬಂದಾಗ, ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಹಿಂದೆ ಕುಳಿತು ಬರೆದುಕೊಂಡವರಿಗೂ ಅದು ಪೂರ್ತಿ ಸಿಕ್ಕಿಲ್ಲ. ಅದಾದ ಮೇಲೆ ಒಪ್ಪಿದ ಕೂಲಿಯನ್ನು ನಿನಗೆ ಕೊಟ್ಟಿದ್ದೇನೆ, ನನ್ನದನ್ನು ನನ್ನ ಇಷ್ಟದಂತೆ ಕೊಡಬಾರದೇ ಎಂದು ಯಜಮಾನನು ಉತ್ತರಿಸುವ 13ರಿಂದ 16ನೆಯ ವಚನಗಳು, ಅನಂತರ ದುಡಿದವನಿಗೆ ಬರುವುದು ಕೂಲಿಯೇ ಹೊರತು ಕೃಪೆಯಲ್ಲ ಎನ್ನುವ ರೋಮಾಪುರದವರಿಗೆ ಬರೆದ ಪತ್ರಿಕೆಯ 4:4-5, ಆಮೇಲೆ ಶಿಲುಬೆ. ಶಿಲುಬೆಗೆ ಆತುರಪಡಬೇಕಾಗಿಲ್ಲ, ನಮ್ಮ ಪಾಲಿನದನ್ನು ತೆತ್ತವರು ಯಾರು ಎಂದು ಅವರೇ ಕೇಳುವ ಹೊತ್ತು ಬರುತ್ತದೆ. ಹಾಗಾದರೆ ಹೇಗೆ ಬೇಕಾದರೂ ಬದುಕಬಹುದೇ ಎಂದು ಯಾರಾದರೂ ಕೇಳಿದರೆ ನನಗೆ ಸಂತೋಷವೇ, ಏಕೆಂದರೆ ಪೌಲನೂ ಅದೇ ಪತ್ರಿಕೆಯ 6:1ರಲ್ಲಿ ಆ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅದಕ್ಕೆ, ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ದೇವರು ನಮ್ಮನ್ನು ನಿರ್ಮಿಸಿದನು ಎನ್ನುವ ಎಫೆಸದವರಿಗೆ 2:10 ಸಾಕು.

ತನ್ನ ಧರ್ಮನಿಷ್ಠೆಯನ್ನು ಕೊಚ್ಚಿಕೊಳ್ಳುವ ಪರಿಸಾಯನ ಮತ್ತು ತಾನು ಪಾಪಿ ಎಂದು ಒಪ್ಪಿಕೊಳ್ಳುವ ಸುಂಕದವನ ಸಾಮ್ಯವನ್ನೂ ಇದೇ ರೀತಿ ಪ್ರಯೋಗಿಸಿ ನೋಡಿದೆ. ಅದು ಸಪ್ಪೆಯಾಯಿತು: ಲೂಕನು ಆರಂಭದಲ್ಲಿಯೇ ಇದು ಯಾರನ್ನು ಕುರಿತು ಹೇಳಿದ್ದೆಂದು ತಿಳಿಸಿಬಿಡುವುದರಿಂದ ಕೇಳುವವರು ಕೂಡಲೇ ಸುಂಕದವನ ಪಕ್ಷ ವಹಿಸುತ್ತಾರೆ, ತಕರಾರಿಗೆ ಜಾಗವೇ ಉಳಿಯುವುದಿಲ್ಲ. ಸಾಯುವ ಹೊತ್ತಿಗೆ ಯೇಸುವನ್ನು ಬೇಡಿಕೊಂಡ ಶಿಲುಬೆಯ ಮೇಲಿನ ಕಳ್ಳನ ವೃತ್ತಾಂತ ಆಸ್ಪತ್ರೆಯ ಹಾಸಿಗೆಯ ಬಳಿ ಸಲ್ಲುತ್ತದೆ, ಗಟ್ಟಿಮುಟ್ಟಾದವರಿಗೆ ನಾಟುವುದಿಲ್ಲ. ಕಥೆಯನ್ನು ರಾಯಚೂರಿನ ಆಡುಮಾತಿನಲ್ಲಿ ಧ್ವನಿಮುದ್ರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದನ್ನು ಜನ ನಗುತ್ತಾ ಕೇಳಿದರು, ಊರಿಗೂ ಕಳುಹಿಸಿದರು. ಆದರೆ ಎದುರಿಗೆ ಕುಳಿತಾಗ ಏಳುವ ಸಿಟ್ಟು ಅದರಲ್ಲಿ ಏಳಲಿಲ್ಲ.

ನಾನು ನಿರೀಕ್ಷಿಸದಿದ್ದದ್ದು ನಮ್ಮ ಚರ್ಚಿನ ಸಭೆಯವರೊಂದಿಗಿನ ಪ್ರಯೋಗದ ಫಲ. ತಲೆಮಾರುಗಳಿಂದ ಕ್ರೈಸ್ತರಾಗಿರುವ, ಆದಾಯದ ಹತ್ತನೆಯ ಒಂದು ಪಾಲನ್ನು ಸಭೆಗೆ ಕೊಡುವ ದಶಮಾಂಶವನ್ನು ತಪ್ಪಿಸದ ಕುಟುಂಬಗಳ ಗುಂಪೊಂದಕ್ಕೆ ಇದನ್ನೇ ಓದಿದೆ. ಅವರಿಗಾಗಿ ಮಾತ್ರ 19:27ರಿಂದ, ಎಲ್ಲವನ್ನೂ ಬಿಟ್ಟು ಹಿಂಬಾಲಿಸಿದ ನಮಗೆ ಏನು ಸಿಗುವುದು ಎಂದು ಪೇತ್ರನು ಕೇಳುವಲ್ಲಿಂದ ಆರಂಭಿಸಿದೆ. ಗಾರೆ ಕೆಲಸದವರಿಗಿಂತ ಇವರೇ ಹೆಚ್ಚು ಕೆರಳಿದರು. ಕೊನೆಯ ಗಂಟೆಯಲ್ಲಿ ಬಂದವರಿಗೂ ಇದೇ ಆದರೆ ನಮ್ಮ ತಂದೆ ಐವತ್ತು ವರ್ಷ ಸಭೆಗೆ ದುಡಿದದ್ದು ಏಕೆ ಎಂದು ಒಬ್ಬರು ನೇರವಾಗಿಯೇ ಕೇಳಿದರು. ಇಷ್ಟು ಪ್ರಾಮಾಣಿಕವಾದ ಪ್ರಶ್ನೆಯನ್ನು ನಾನು ನಮ್ಮ ಯಾವ ಭಾನುವಾರದ ಆರಾಧನೆಯಲ್ಲಿಯೂ ಕೇಳಿಲ್ಲ.

ಈಗಿನ ಖರ್ಚು ತಿಂಗಳಿಗೆ ಕೋಣೆಯ ಬಾಡಿಗೆ ಸುಮಾರು 3,000 ರೂಪಾಯಿ ಮತ್ತು ಚಾಪೆಗಳು. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆಯನ್ನೂ ಆಮಿಷವೆಂದೇ ಎಣಿಸಿತು. ನಾನಂತೂ ಅದಕ್ಕೂ ಮೊದಲೇ ಬಿಸ್ಕತ್ತು, ಊಟ ಎಲ್ಲವನ್ನೂ ನಿಲ್ಲಿಸಿದ್ದೆ, ಏಕೆಂದರೆ ತಿನಿಸಿಗೆ ಬಂದವರು ತಿನಿಸಿನ ಋಣಕ್ಕಾಗಿ ತಲೆಯಾಡಿಸುತ್ತಾರೆ. ತಾವಾಗಿ ಕೇಳಿ ಬಂದವರಿಗೆ ಮಾತ್ರ ಓದುತ್ತೇನೆ, ಚಹಾದ ದುಡ್ಡನ್ನು ಅವರವರೇ ಕೊಡುತ್ತಾರೆ, ಮತ್ತಾಯನ ಸುವಾರ್ತೆಯ ಬಿಡಿ ಪುಸ್ತಿಕೆಯನ್ನು ಕೊಂಡ ಬೆಲೆಗೇ ಮಾರುತ್ತೇನೆ. ಉಚಿತವಾದ ರಕ್ಷಣೆಯನ್ನು ಸಾರುವವನು ಪುಸ್ತಿಕೆಗೆ ಚಿಲ್ಲರೆ ಕೇಳುತ್ತಾನೆ ಎಂದು ಹುಡುಗರು ಗೇಲಿ ಮಾಡುತ್ತಾರೆ. ಹಾಗೆ ಗೇಲಿ ಮಾಡಬಲ್ಲವರಿಗೆ ಪಾಠ ಅರ್ಥವಾಗಿದೆಯೆಂದು ತಿಳಿದು, ಅವರೊಂದಿಗೆ ಇದೇ ಕೃಪೆಗಾಗಿ ಪೌಲನು ವಾದಿಸುವ, ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಆರಂಭಿಸಿದ್ದೇನೆ.