ಸಂಕ್ರಾಂತಿಯ ಸಕ್ಕರೆ ಅಚ್ಚು: ಮುರಿಯದಂತೆ ಎರೆಯುವುದು ಹೇಗೆ?

ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ಎಳ್ಳು ಬೀರುವ ತಟ್ಟೆಗೆ ಬೇಕಾದ ಸಕ್ಕರೆ ಅಚ್ಚನ್ನು ನಾಲ್ಕೈದು ದಿನ ಮೊದಲೇ ಎರೆದಿಡಿ. ಹಬ್ಬದ ಹಿಂದಿನ ರಾತ್ರಿ ಅವಸರದಲ್ಲಿ ಕೂತರೆ ಪಾಕ ಕೈಕೊಡುತ್ತದೆ.

ಮರದ ಅಚ್ಚನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಕು. ಒಣ ಮರಕ್ಕೆ ಸಕ್ಕರೆ ಕಚ್ಚಿಕೊಂಡು ಗಿಳಿಯ ಕೊಕ್ಕು, ಆನೆಯ ಸೊಂಡಿಲು ಕೆತ್ತನೆಯೊಳಗೇ ಉಳಿದುಬಿಡುತ್ತವೆ. ಎರೆಯುವ ಮುನ್ನ ನೀರು ಕೊಡವಿ, ಒರೆಸಿ, ಎರಡೂ ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸಂದು ಉಳಿದರೆ ಪಾಕ ಸೋರುತ್ತದೆ.

1 ಕೆ.ಜಿ. ಸಕ್ಕರೆಗೆ ಸುಮಾರು ಅರ್ಧ ಲೀಟರ್ ನೀರು. ಕುದಿ ಬಂದಾಗ ಕಾಲು ಲೋಟ ಹಾಲು ಹಾಕಿ. ಕೊಳೆಯೆಲ್ಲ ನೊರೆಯಾಗಿ ಮೇಲೆ ತೇಲುತ್ತದೆ. ಅದನ್ನು ತೆಗೆದು, ಒದ್ದೆ ತೆಳು ಬಟ್ಟೆಯಲ್ಲಿ ಸೋಸಿ. ಇದನ್ನು ಬಿಟ್ಟರೆ ಅಚ್ಚು ಮಾಸಲಾಗುತ್ತದೆ. ಬಣ್ಣ ಹಾಕುವ ರೂಢಿಯೂ ಇದೆ, ಆದರೆ ಅಪ್ಪಟ ಬಿಳಿಯ ಚೆಂದ ಅದಕ್ಕಿಲ್ಲ.

ಸೋಸಿದ್ದನ್ನೆಲ್ಲ ಒಟ್ಟಿಗೆ ಕಾಯಿಸಬೇಡಿ. ದಪ್ಪ ತಳದ ಸಣ್ಣ ಬಾಣಲೆಗೆ ಒಂದು ಸಲಕ್ಕೆ ಒಂದು ಸೌಟು, ಹೆಚ್ಚೆಂದರೆ ಎರಡು. ಹದ ಬಂದ ಪಾಕ ಯಾರಿಗೂ ಕಾಯುವುದಿಲ್ಲ. ಗುಳ್ಳೆ ದೊಡ್ಡದಾಗಿ, ಸೌಟಿನಿಂದ ಪಾಕ ದಪ್ಪ ಎಳೆಯಾಗಿ ಇಳಿಯತೊಡಗಿದಾಗ ಒಲೆಯಿಂದ ಇಳಿಸಿ, ಸೌಟಿನ ಬೆನ್ನಿನಿಂದ ಬಾಣಲೆಯ ಅಂಚಿಗೆ ಉಜ್ಜುತ್ತಾ ತಿರುವಿ. ಕನ್ನಡಿಯಂತಿದ್ದ ಪಾಕ ಮೊದಲು ಅಂಚಿನಲ್ಲಿ, ಹಾಲು ಚೆಲ್ಲಿದಂತೆ, ಬೆಳ್ಳಗಾಗುತ್ತದೆ. ಆ ಬಿಳುಪು ಪೂರ್ತಿ ಹರಡಿದ ಕೂಡಲೇ ಸುರಿಯಿರಿ. ಮುಂಚೆ ಸುರಿದರೆ ಅಂಟಂಟಾಗಿ ಕಟ್ಟುವುದೇ ಇಲ್ಲ. ತಡವಾದರೆ ಬಾಣಲೆಯಲ್ಲೇ ಸಕ್ಕರೆ ಪುಡಿ. ಎರಡಕ್ಕೂ ಮದ್ದು ಒಂದೇ: ಸ್ವಲ್ಪ ನೀರು ಬೆರೆಸಿ, ಕರಗಿಸಿ, ಮತ್ತೆ ಕಾಯಿಸುವುದು.

ಸುಮಾರು 10 ನಿಮಿಷಕ್ಕೆ ಗಟ್ಟಿಯಾಗುತ್ತದೆ. ರಬ್ಬರ್ ತೆಗೆದು, ಬದಿಗೆ ಮೆಲ್ಲಗೆ ತಟ್ಟಿ, ಹೋಳುಗಳನ್ನು ನೇರವಾಗಿ ಬಿಡಿಸಿ. ತಿರುಚಿದರೆ ಗೊಂಬೆಯ ಕುತ್ತಿಗೆ ಹೋಯಿತು. ಮುಂದಿನ ಸರದಿಗೆ ಮುನ್ನ ಮರದ ಅಚ್ಚನ್ನು ಮತ್ತೆ ನೀರಿಗದ್ದಿ. ಎರೆದದ್ದನ್ನು ನೆರಳಲ್ಲಿ, ಬಟ್ಟೆಯ ಮೇಲೆ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ.

ಎಳ್ಳಿನದು ಇಷ್ಟು ಕಷ್ಟವಿಲ್ಲ. ಹೆಚ್ಚಿದ ಬೆಲ್ಲ, ಕೊಬ್ಬರಿ 2 ದಿನ ಬಿಸಿಲಲ್ಲಿ ಒಣಗಲಿ. ಹುರಿದ ಎಳ್ಳು, ಕಡಲೆಬೀಜ ಪೂರ್ತಿ ಆರಿದ ಮೇಲೆ ಹುರಿಗಡಲೆಯೊಂದಿಗೆ ಬೆರೆಸಿ. ಬಿಸಿಯಿದ್ದರೆ ಬೆಲ್ಲ ಕರಗಿ ಎಲ್ಲ ಮುದ್ದೆಯಾಗುತ್ತದೆ. ತಟ್ಟೆಯಲ್ಲಿ ಜೋಡಿಸುವಾಗ ಸಕ್ಕರೆ ಅಚ್ಚನ್ನು ಕಬ್ಬಿನ ತುಂಡಿನಿಂದ ದೂರವಿಡಿ. ರಸ ತಗುಲಿದ ಕಡೆ ಅದು ಕರಗತೊಡಗುತ್ತದೆ.